ದೂಲಿಯ ಸಿಟ್ಟು

ಸರಗೋಸಾದ ಡೆಲಿಸಿಯಾಸ್ ಕೇರಿಯಲ್ಲಿರುವ ‘ಲಾ ಕಾಂದೆಲಾರಿಯಾ’ ಹೋಟೆಲಿಗೆ ಯಾರೇ ಹೊಸಬರು ಬಂದು ಕೂತರೂ ಊಟಕ್ಕೆ ಮೊದಲು ಅವರಿಗೊಂದು ಕತೆ ಬಡಿಸುವ ರೂಢಿಯಿತ್ತು. ಬಡಿಸುತ್ತಿದ್ದವಳು ಯಜಮಾನಿ ಚೋನಾ. ಚರ್ಚಿನಲ್ಲಿ ಇಟ್ಟ ಹೆಸರು ಎನ್ಕಾರ್ನಾಸಿಯೋನ್. ಅಷ್ಟುದ್ದ ಕರೆಯುವ ಪುರುಸೊತ್ತು ಮೆಕ್ಸಿಕೋದ ಹುಟ್ಟೂರು ವಮಾಂತ್ಲಾದಲ್ಲೇ ಯಾರಿಗೂ ಇರಲಿಲ್ಲ, ಇನ್ನು ಸ್ಪೇನಿನಲ್ಲಿ ಯಾರಿಗಿರುತ್ತದೆ? ಮೈಕೈ ತುಂಬಿಕೊಂಡ ಹೆಂಗಸು. ಸೊಂಟದ ಮೇಲೆ ಕೈಯಿಟ್ಟು ಮೇಜಿನ ಪಕ್ಕ ನಿಂತಳೆಂದರೆ ಕತೆ ಮುಗಿಯುವ ತನಕ ಯಾರೂ ಏಳುವ ಹಾಗಿರಲಿಲ್ಲ.

“ಈ ಹೋಟೆಲ್ ಶುರುವಾದ ದಿನ ಏನಾಯ್ತು ಗೊತ್ತಾ?” ಅನ್ನುತ್ತಿದ್ದಳು. “ಹಾಲ್ ತುಂಬ ಜನ. ಒಲೆ ಮೇಲೆ ಇಷ್ಟು ದೊಡ್ಡ ತಮಾಲೆ ಪಾತ್ರೆ. ಹಬೆ ಬರ್ತಾನೇ ಇದೆ, ಮುಚ್ಚಳ ತೆಗೆದ್ರೆ ಹಸಿ ಹಿಟ್ಟು! ಇನ್ನೂ ಬೇಯಿಸಿದ್ವಿ, ಮತ್ತೂ ಹಸಿ! ಯಾಕೆ ಹೇಳಿ? ನನ್ನ ನಾದಿನಿ ದೂಲಿ ಮುಖ ಊದಿಸ್ಕೊಂಡು ಒಲೆ ಪಕ್ಕದಲ್ಲೇ ನಿಂತಿದ್ಲು. ಅವಳನ್ನ ಹೊರಗೆ ಕಳಿಸಿದ್ದೇ ತಡ, ಬೆಂದೇ ಬಿಡ್ತು ನೋಡಿ!”

ಸ್ಪೇನಿನವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ನಗುವಿಗೆ ಮರುಳಾಗಿ ಚೋನಾ ಒಂದು ಖಾದ್ಯಕ್ಕೆ ಆ ಹೆಸರನ್ನೇ ಇಟ್ಟುಬಿಟ್ಟಳು. ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿ ಅರೆದು ಮಾಡಿದ, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುವ ಹಂದಿಮಾಂಸದ ಸಾರು. ಬಾಗಿಲ ಹೊರಗಿನ ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ‘ದೂಲಿಯ ಸಿಟ್ಟು’. ಬಸ್ಸಿನಲ್ಲಿ ಹೋಗುವವರಿಗೂ ಕಾಣುವಂತಿತ್ತು.

ಅವರು ನಗಲಿ, ಅವರಿಗೇನು ಗೊತ್ತು? ಚೋನಾಳಿಗೆ ಗೊತ್ತಿತ್ತಲ್ಲ! ನಮ್ಮ ಮೆಕ್ಸಿಕೋದವರಲ್ಲಿ ತಮಾಲೆ ಬೇಯಲಿಲ್ಲವೆಂದರೆ ಅದು ಅಡುಗೆ ಕೆಟ್ಟ ಮಾತಲ್ಲ. ಜೋಳದ ಹಿಟ್ಟನ್ನು ತೆನೆಯ ಒಣಸಿಪ್ಪೆಯಲ್ಲಿ ಮಡಚಿ ಹಬೆಗೆ ಇಟ್ಟಿರುತ್ತೇವೆ. ಒಲೆಯ ಹತ್ತಿರ ಯಾರ ಹೊಟ್ಟೆಯಲ್ಲಾದರೂ ಸಿಟ್ಟೋ ಕಿಚ್ಚೋ ಇದ್ದರೆ ಅದು ಹಿಟ್ಟಿಗೆ ತಾಗಿ ಬೇಯಲು ಬಿಡುವುದಿಲ್ಲ. ಕೆಟ್ಟ ಮಾತು ಪಾತ್ರೆಗೆ ಕೇಳಿಸದಿರಲಿ ಎಂದು ಅದರ ಹಿಡಿಗಳಿಗೆ ಒಣಸಿಪ್ಪೆಯ ಕಿವಿ ಕಟ್ಟುತ್ತೇವೆ. ಅದರ ಮುಂದೆ ಕುಣಿಯುತ್ತೇವೆ, ಬೈಯುತ್ತೇವೆ, ಪುಸಲಾಯಿಸುತ್ತೇವೆ. ಯಾವುದಕ್ಕೂ ಬಗ್ಗದಿದ್ದರೆ ಸಿಟ್ಟಿನವರು ಯಾರೆಂದು ಹುಡುಕಿ ಹೊರಗೆ ಕಳಿಸುತ್ತೇವೆ. ಹಾಗೆ ನಾಲ್ಕು ಜನರೆದುರು ಹೊರಗೆ ಹೋದ ಹೆಂಗಸನ್ನು ಮದುವೆಮನೆ ಅಡುಗೆಗೆ ಮತ್ತೆ ಯಾರೂ ಕರೆಯುವುದಿಲ್ಲ. ಬಾಣಂತಿ ಕೋಣೆಗೂ ಕರೆಯುವುದಿಲ್ಲ. ಬಾಯಿಬಿಟ್ಟು ಯಾರೂ ಏನೂ ಅನ್ನುವುದಿಲ್ಲ, ಕರೆಯುವುದಿಲ್ಲ ಅಷ್ಟೆ.

ಇನ್ನೊಂದು ಮಾತು. ಆ ಹೋಟೆಲ್ ಹುಟ್ಟಿದ್ದೇ ದೂಲಿಯ ಕೈಯಿಂದ. ಚೋನಾಳ ಕತೆಯಲ್ಲಿ ಈ ಭಾಗ ಮಾತ್ರ ಬರುತ್ತಿರಲಿಲ್ಲ.

ಚೋನಾಳ ಗಂಡ ಫಿದೆನ್ಸಿಯೊ ಗಾರೆ ಕೆಲಸದವನು. ಸ್ಪೇನಿನಲ್ಲಿ ಎಲ್ಲೆಂದರಲ್ಲಿ ಕಟ್ಟಡ ಏಳುತ್ತಿದ್ದ ಕಾಲದಲ್ಲಿ ಹೆಂಡತಿಯನ್ನೂ ಮಗಳು ಸಿತ್ಲಾಲಿಯನ್ನೂ ಕಟ್ಟಿಕೊಂಡು ಇಲ್ಲಿಗೆ ಬಂದ. ಹಿಂದೆಯೇ ಮದುವೆಯಾಗದ ತಂಗಿ ಒಬ್ದೂಲಿಯಾ, ಅಂದರೆ ದೂಲಿ, ಬಂದಳು. ಕಡ್ಡಿಯಂಥ ಮೈ, ಕೇಳಿದ್ದಕ್ಕಷ್ಟೇ ಉತ್ತರ. ಹಗಲೆಲ್ಲ ಯಾರದೋ ಮನೆಯ ಮುದುಕಿಯನ್ನು ನೋಡಿಕೊಂಡು ಸಂಜೆಗೆ ಅಣ್ಣನ ಮನೆಗೆ ಬರುತ್ತಿದ್ದಳು. ಆಮೇಲೆ ಒಂದು ದಿನ ಕಟ್ಟಡಗಳೆಲ್ಲ ಅರ್ಧಕ್ಕೇ ನಿಂತವು. ಫಿದೆನ್ಸಿಯೊ ಮನೆಯಲ್ಲಿ ಕೂತ. ಕೂತ ಗಂಡಸನ್ನು ದಿನಾ ನೋಡುವುದು ಯಾವ ಹೆಂಡತಿಗೂ ಸುಲಭವಲ್ಲ. ಚೋನಾ ಅವನ ಮೇಲೆ ರೇಗುತ್ತಿದ್ದಳು, ಅವನು ಕಿಟಕಿಯಾಚೆ ನೋಡುತ್ತಿದ್ದ.

ಆ ಜನವರಿಯ ಮೂರು ರಾಜರ ಹಬ್ಬಕ್ಕೆ, ಮನೆಯಲ್ಲಿ ನಗು ಕೇಳಿ ಎಷ್ಟು ದಿನವಾಯಿತೋ ಎಂದು, ದೂಲಿ ಬಳೆಯಾಕಾರದ ದೊಡ್ಡ ಸಿಹಿ ಬ್ರೆಡ್ಡು ಮಾಡಿದಳು. ಒಳಗೆ ಪದ್ಧತಿಯಂತೆ ಪುಟ್ಟ ಬೊಂಬೆ ಬಚ್ಚಿಟ್ಟಿದ್ದಳು. ಮೆಟ್ಟಿಲ ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದರು. ಬೊಂಬೆ ಸಿಕ್ಕಿದ್ದು ಮೇಲ್ಮನೆಯ ದೋನ್ ಎವಾರಿಸ್ತೊನ ತುಂಡಿನಲ್ಲಿ. ಬಸ್ ಓಡಿಸಿ ನಿವೃತ್ತನಾದ ವಿಧುರ.

“ನಾನೇ ರಾಜ!” ಅಂದ ಅವನು, ಬೊಂಬೆಯನ್ನು ಎತ್ತಿ ತೋರಿಸುತ್ತ. ಸ್ಪೇನಿನಲ್ಲಿ ಅದು ಸಿಕ್ಕವರಿಗೆ ಕಾಗದದ ಕಿರೀಟ ತೊಡಿಸುತ್ತಾರೆ. “ಎಲ್ರಪ್ಪ ನನ್ನ ಕಿರೀಟ?”

ಫಿದೆನ್ಸಿಯೊ ತೊಡೆ ತಟ್ಟಿಕೊಂಡು ನಕ್ಕ. “ರಾಜ ಅಲ್ಲ ದೋನ್ ಎವಾರಿಸ್ತೊ, ಸಿಕ್ಕಿಹಾಕ್ಕೊಂಡ್ರಿ! ನಮ್ಮಲ್ಲಿ ಬೊಂಬೆ ಸಿಕ್ಕವರು ಕಾಂದೆಲಾರಿಯಾ ಹಬ್ಬಕ್ಕೆ ಎಲ್ರಿಗೂ ತಮಾಲೆ ಮಾಡಿ ಹಾಕ್ಬೇಕು. ಫೆಬ್ರವರಿ ಎರಡು. ನೆನಪಿಟ್ಕೊಳ್ಳಿ.”

“ಅಯ್ಯೋ ದೇವರೇ, ನನಗೆ ಮೊಟ್ಟೆ ಬೇಯಿಸೋಕೂ ಬರಲ್ಲ ಕಣಪ್ಪ!”

“ಅದೆಲ್ಲ ಬೊಂಬೆಗೆ ಗೊತ್ತಾಗುತ್ತಾ?”

ಪಾಪ, ಮುದುಕ ನಿಜವಾಗಿಯೇ ತಲೆ ಕೆಡಿಸಿಕೊಂಡ. ಮರುದಿನ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ. ದೂಲಿ, “ಹಿಟ್ಟು ನಾನು ನಾದ್ತೀನಿ, ನೀವು ಸಿಪ್ಪೆ ತೊಳ್ಕೊಡಿ. ಮಾಡಿದ್ದು ನೀವೇ ಅಂತಾಯ್ತು,” ಅಂದಳು. ಹಬ್ಬದ ದಿನ ಮೆಟ್ಟಿಲುದ್ದಕ್ಕೂ ಜನ ಕೂತು ತಿಂದರು. ಹಂದಿಕೊಬ್ಬು ಹಾಕಿ ದೂಲಿ ಹಿಟ್ಟು ಬಡಿದರೆ ಅದರ ಉಂಡೆ ನೀರಿನಲ್ಲಿ ಬೆಂಡಿನ ಹಾಗೆ ತೇಲುತ್ತಿತ್ತು. ಒಳಗೆ ಕೋಳಿ, ಹಸಿರು ಮೆಣಸಿನಕಾಯಿಯ ಗೊಜ್ಜು. ತಿಂದವರು ಮುಂದಿನ ಭಾನುವಾರ ಬಂದು, “ಇನ್ನೂ ಇದೆಯಾ?” ಎಂದು ಬಾಗಿಲು ತಟ್ಟಿದರು. ಅದರ ಮುಂದಿನ ಭಾನುವಾರ ಅವರ ನೆಂಟರೂ ಬಂದರು.

ಹಾಗೆ ಶುರುವಾದದ್ದು ಪಾರ್ಕಿಗೆ ಹೋಯಿತು. ದೂಲಿ ಬೇಯಿಸುವುದು, ಚೋನಾ ಗಾಲಿಯ ತಳ್ಳುಚೀಲದಲ್ಲಿ ತುಂಬಿ ಒಯ್ದು ಮಾರುವುದು. ಚೋನಾಳ ಗಂಟಲಿಗೆ ಪಾರ್ಕಿನ ಆ ತುದಿಯವರೂ ಎದ್ದು ಬರುತ್ತಿದ್ದರು. ಸುಮ್ಮನೆ ಅನ್ನಬಾರದು, ದುಡಿದದ್ದು ಅವಳೂ ಕಡಿಮೆಯಲ್ಲ. ಮುಚ್ಚಿದ್ದ ಹಳೇ ಬಾರೊಂದನ್ನು ಹುಡುಕಿದವಳು ಅವಳು. ಅದರ ಯಜಮಾನನನ್ನು ಒಪ್ಪಿಸಿ, ಕಚೇರಿ ಕಚೇರಿ ಅಲೆದು, ಗಂಡನ ಕೈಗೆ ಕರಣೆ ಕೊಟ್ಟು ಗೋಡೆ ಎಬ್ಬಿಸಿದವಳೂ ಅವಳೇ. ಫಿದೆನ್ಸಿಯೊ ಆ ಗೋಡೆ ಕಟ್ಟುತ್ತ ಮತ್ತೆ ಸಿಳ್ಳೆ ಹಾಕತೊಡಗಿದ. ಆದರೆ ತಿಂದವರು ಚೋನಾಳ ಓಡಾಟವನ್ನು ತಿನ್ನುತ್ತಿರಲಿಲ್ಲವಲ್ಲ. ಯಾರ ಬಾಯಲ್ಲಿ ನೋಡಿದರೂ, “ದೂಲಿ ಕೈಗುಣ! ದೂಲಿ ಕೈಗುಣ!”

ಹೋಟೆಲ್ ತೆರೆದದ್ದೂ ಮುಂದೊಂದು ವರ್ಷದ ಕಾಂದೆಲಾರಿಯಾದ ದಿನವೇ. ಹೊರಗೆ ಈ ಊರಿನ ಸಿಯೆರ್ಸೊ ಗಾಳಿ ಚರ್ಮ ಸುಲಿಯುವಂತೆ ಬೀಸುತ್ತಿತ್ತು. ಚೋನಾ ಹೊಸ ಲಂಗ ತೊಟ್ಟು, ಕಿವಿಗೆ ಅಮ್ಮನ ಓಲೆ ಹಾಕಿ ಬಾಗಿಲಲ್ಲಿ ನಿಂತಿದ್ದಳು. ಬಂದವರು ಅವಳ ಎರಡೂ ಕೆನ್ನೆಗೆ ಮುತ್ತು ಕೊಟ್ಟು, ಅವಳ ಹೆಗಲಾಚೆ ಇಣುಕಿ ಕೇಳುತ್ತಿದ್ದದ್ದು ಒಂದೇ ಮಾತು: “ದೂಲಿ ಎಲ್ಲಿ?”

“ಒಳಗಿದ್ದಾಳೆ, ಹೋಗಿ,” ಅಂದಳು ಚೋನಾ. ಇನ್ನೊಬ್ಬರಿಗೂ ಅಂದಳು. ಮತ್ತೊಬ್ಬರಿಗೆ ಅನ್ನುವಷ್ಟರಲ್ಲಿ ಎದೆಯ ಕೆಳಗೆ ಎಲ್ಲೋ ಚುರ್ರೆಂದಿತು. ಅವಳು ಅದನ್ನು ಹಸಿವು ಅಂದುಕೊಂಡಳು.

ಒಳಗೆ ಪಾತ್ರೆ ಬೇಯಲಿಲ್ಲ. ಮೊದಲ ಸಲ ಮುಚ್ಚಳ ತೆಗೆದಾಗ ಹಿಟ್ಟು ಸಿಪ್ಪೆಗೆ ಅಂಟಿಕೊಂಡು ಬಿಳಿಚಿ ಕೂತಿತ್ತು. ಇನ್ನಷ್ಟು ಹೊತ್ತು ಬಿಟ್ಟರು, ಹಾಗೇ ಇತ್ತು. ಫಿದೆನ್ಸಿಯೊ ಹಿಡಿಗಳಿಗೆ ಕಿವಿ ಕಟ್ಟಿದ. ಸಿತ್ಲಾಲಿ, ಆಗ ಹೈಸ್ಕೂಲಿನ ಹುಡುಗಿ, ನಗುತ್ತ ಒಂದು ಸುತ್ತು ಕುಣಿದಳು. ಊಹೂಂ. ಹಾಲ್‌ನಲ್ಲಿ ಖಾಲಿ ತಟ್ಟೆಗಳ ಮುಂದೆ ಜನ. ಅಷ್ಟರಲ್ಲಿ ನಮ್ಮೂರಿನವನೇ ಒಬ್ಬ ಅಡುಗೆಮನೆಗೆ ತಲೆ ಹಾಕಿ, “ಯಾರಪ್ಪ ಅದು ಒಳಗೊಳಗೇ ಉರೀತಿರೋದು? ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?” ಎಂದು ಕೂಗಿದ. ಎಲ್ಲರೂ ನಕ್ಕರು. ನಗುತ್ತ ನಗುತ್ತ ಎಲ್ಲರ ಕಣ್ಣು ಸುತ್ತಲೂ ಹುಡುಕಿತು.

ದೂಲಿ ಒಲೆಯ ಪಕ್ಕ ನಿಂತಿದ್ದಳು. ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ದವಡೆ ಬಿಗಿದಿತ್ತು, ಮುಖ ಕೆಂಪಗೆ ಊದಿತ್ತು.

“ದೂಲಿ,” ಅಂದಳು ಚೋನಾ, “ನೀನು ಸ್ವಲ್ಪ ಹೊರಗೆ ಹೋಗು.”

“ನಾನಾ, ಅತ್ತಿಗೆ?”

“ಮತ್ತಿನ್ಯಾರು? ಬೆಳಿಗ್ಗೆಯಿಂದ ನಿನ್ನ ಮುಖ ನೋಡೋಕಾಗ್ತಿಲ್ಲ. ಜನ ಕಾಯ್ತಿದ್ದಾರೆ, ಹೋಗು.”

ದೂಲಿ ಅಣ್ಣನ ಕಡೆ ನೋಡಿದಳು. ಫಿದೆನ್ಸಿಯೊ ಪಾತ್ರೆಯ ಕಿವಿಯ ಗಂಟು ಸರಿಮಾಡುತ್ತಿದ್ದವನು ಅದನ್ನೇ ಸರಿಮಾಡುತ್ತ ಇದ್ದ. ಅವಳು ಏಪ್ರನ್ ಬಿಚ್ಚಿ, ಮಡಚಿ, ಮೊಳೆಗೆ ತಗುಲಿಸಿ, ಹಾಲ್ ನಡುವೆ ಹಾದು, ಅಷ್ಟೂ ಜನರ ಎದುರಿಗೆ ಹೊರಗೆ ಹೋದಳು. ಕೋಟು ಕೂಡ ತೆಗೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಮುಚ್ಚಳ ತೆಗೆದರೆ ತಮಾಲೆಗಳು ಬೆಂದು ಅರಳಿದ್ದವು. ಸಿಪ್ಪೆಯಿಂದ ಬೆಣ್ಣೆಯಂತೆ ಬಿಟ್ಟುಕೊಂಡವು. ಇಡೀ ಹಾಲ್ ಚಪ್ಪಾಳೆ ತಟ್ಟಿತು. ಚಪ್ಪಾಳೆ ಗಾಜಿನಾಚೆ ಗಾಳಿಯಲ್ಲಿ ನಿಂತಿದ್ದವಳಿಗೂ ಕೇಳಿಸಿರಬೇಕು. ಕರೆಯಲು ಹೋದಾಗ ಅವಳು ಅಲ್ಲಿರಲಿಲ್ಲ.

ಹೋಟೆಲ್ ಕೈಹಿಡಿಯಿತು. ದೂಲಿ ಎಬ್ರೊ ನದಿಯಾಚೆ ಅರ್ರಬಾಲ್ ಕಡೆ ಮುದುಕಿಯೊಬ್ಬಳ ಮನೆಯಲ್ಲೇ ಇರುವ ಕೆಲಸ ಹಿಡಿದಳು. ಮಾತು ಬಿಟ್ಟಳು ಅಂತೇನಲ್ಲ. ಕ್ರಿಸ್‌ಮಸ್ಸಿಗೆ ಫೋನು ಮಾಡುತ್ತಿದ್ದಳು, ಸಿತ್ಲಾಲಿಯ ಮದುವೆಗೆ ಚರ್ಚಿಗೆ ಬಂದಳು, ಊಟಕ್ಕೆ ನಿಲ್ಲಲಿಲ್ಲ. ಹೋಟೆಲಿನ ಹೊಸ್ತಿಲು ಮಾತ್ರ ತುಳಿಯಲಿಲ್ಲ. ಸಿತ್ಲಾಲಿ ತನ್ನ ಮಗುವಿಗೆ ಜ್ಞಾನಸ್ನಾನದ ತಾಯಿಯಾಗಿ ನಿಲ್ಲೆಂದು ಕೇಳಿದರೆ, “ಬೇಡಮ್ಮ, ಒಳ್ಳೆಯವರನ್ನ ಯಾರನ್ನಾದ್ರೂ ನೋಡು,” ಅಂದುಬಿಟ್ಟಳು.

“ನೋಡಿದ್ಯಾ ಕೊಬ್ಬು!” ಅಂದಿದ್ದಳು ಚೋನಾ. “ಎಷ್ಟು ವರ್ಷ ಆದ್ರೂ ಮೂಗಿನ ತುದೀಲೇ ಸಿಟ್ಟು. ಅವತ್ತು ಪಾತ್ರೆ ಸುಳ್ಳು ಹೇಳಲಿಲ್ಲ.”

ಫಿದೆನ್ಸಿಯೊ ಕಾಯಿಲೆ ಬಿದ್ದು ಮಲಗಿದಾಗ ಒಂದು ಮಧ್ಯಾಹ್ನ, “ಅವಳನ್ನ ಒಳಗೆ ಕರ್ಕೋ, ಚೋನಾ,” ಅಂದ. ಚೋನಾ ಅವನ ದಿಂಬು ಸರಿಮಾಡುತ್ತ, “ಬಾಗಿಲು ತೆಗೆದೇ ಇದೆ. ಬರೋಳಿಗೆ ಕಾಲಿಲ್ವಾ?” ಅಂದಳು. ಅವನು ಮತ್ತೆ ಕೇಳಲಿಲ್ಲ. ಆ ಚಳಿಗಾಲ ಅವನು ಹೋದ. ಈಗ ಆ ಮಾತು ನೆನಪಾದರೆ ಚೋನಾಳಿಗೆ ತನ್ನ ನಾಲಿಗೆಯನ್ನೇ ಕಿತ್ತುಹಾಕಬೇಕೆನಿಸುತ್ತದೆ.

ಈ ಜನವರಿಯ ಕೊನೆಯಲ್ಲಿ ನಡೆದದ್ದು ಹೀಗೆ. ಅಡುಗೆಮನೆ ಈಗ ಹೆಚ್ಚುಕಡಿಮೆ ಸಿತ್ಲಾಲಿಯ ಕೈಗೆ ಬಂದಿತ್ತು. ದೋನ್ ಎವಾರಿಸ್ತೊ ಕೋಲೂರಿಕೊಂಡು ಮಧ್ಯಾಹ್ನ ಬಂದವನು, ತಮಾಲೆ ಬಿಚ್ಚಿ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ.

“ಮಗಳೇ,” ಅಂದ ಸಿತ್ಲಾಲಿಗೆ, “ಇದು ನಿಮ್ಮ ದೂಲಿ ಅತ್ತೆಯ ಕೈಗುಣ, ನಿನಗೂ ಬಂದಿದೆ. ಎಷ್ಟು ವರ್ಷ ಆಯ್ತು ಈ ರುಚಿ ಬಾಯಿಗೆ ಬಿದ್ದು! ನಿಮ್ಮಮ್ಮನ ತಮಾಲೆ ಹೊಟ್ಟೆ ತುಂಬಿಸುತ್ತೆ, ಇಲ್ಲ ಅನ್ನಲ್ಲ. ಆದ್ರೆ ಇದು ಬೇರೆ.”

“ಈ ವಯಸ್ಸಲ್ಲಿ ನಿಮ್ಮ ನಾಲಿಗೆ ಇನ್ನೂ ಬದುಕಿದೆಯಾ, ದೋನ್ ಎವಾರಿಸ್ತೊ?” ಎಂದು ಗಲ್ಲಾಪೆಟ್ಟಿಗೆಯ ಹತ್ತಿರದಿಂದ ಚೋನಾ ಚಟಾಕಿ ಹಾರಿಸಿದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಸಂಜೆ ಮನೆಗೆ ಹೋಗಿ ಬಟ್ಟೆ ಬದಲಿಸುವಾಗಲೂ ಆ ಮಾತು ಒಳಗೆ ಮುಳ್ಳಾಡಿಸುತ್ತಲೇ ಇತ್ತು. ಮುದಿಯ! ಅಷ್ಟು ವರ್ಷ ಅನ್ನ ಹಾಕಿದವಳು ಯಾರು?

ಮರುದಿನ ಬೆಳಿಗ್ಗೆ ಮಗಳಿಗೆ ಫೋನು ಮಾಡಿ, “ನೀನು ಮಗೂನ ಸ್ಕೂಲಿಗೆ ಬಿಟ್ಟು ನಿಧಾನವಾಗಿ ಬಾ. ಇವತ್ತು ತಮಾಲೆ ನಂದು,” ಅಂದಳು. ಒಬ್ಬಳೇ ಬೀಗ ತೆಗೆದು, ಅಂಗಿಯ ತೋಳು ಮಡಚಿ ಹಿಟ್ಟು ಬಡಿದಳು. ಲೋಟದ ನೀರಿಗೆ ಉಂಡೆ ಬಿಟ್ಟರೆ ತೇಲಿತು. ತೇಲದೆ ಏನು ಮಾಡುತ್ತೆ, ನಾನೇನು ನಿನ್ನೆ ಬಂದವಳಾ ಅಂದುಕೊಂಡಳು. ಸಿಪ್ಪೆಯಲ್ಲಿ ಮಡಚಿ ಜೋಡಿಸಿ ಹಬೆಗೆ ಇಟ್ಟಳು. ಬೇಕಾದಷ್ಟು ಹೊತ್ತಾದ ಮೇಲೆ ಒಂದನ್ನು ಬಿಚ್ಚಿದಳು. ಹಸಿ.

ನೀರು ನೋಡಿದಳು, ಇತ್ತು. ಉರಿ ನೋಡಿದಳು, ಚೆನ್ನಾಗಿತ್ತು. ಇನ್ನಷ್ಟು ಹೊತ್ತು ಬಿಟ್ಟು ತೆಗೆದಳು. ಹಸಿ. ಪಾತ್ರೆಗೆ ಕಿವಿ ಕಟ್ಟಿದಳು. “ಬೇಯ್ತೀಯೋ ಇಲ್ಲ ಚರಂಡಿಗೆ ಸುರೀಲೋ?” ಎಂದು ಬೈದಳು. ಮಂಡಿನೋವು ಲೆಕ್ಕಿಸದೆ ಲಂಗ ಎತ್ತಿ ಹಿಡಿದು ಒಲೆಯ ಮುಂದೆ ಕುಣಿದಳು. ಆ ಹೊತ್ತಿನಲ್ಲಿ ಯಾರಾದರೂ ನೋಡಿದ್ದರೆ ಈ ಹೆಂಗಸಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಿದ್ದರು. ಮುಚ್ಚಳ ತೆಗೆದಳು. ಹಸಿ.

“ಯಾರದು?” ಎಂದು ಜೋರಾಗಿ ಕೂಗಿದಳು, ಬರೀ ಅಭ್ಯಾಸಬಲದಿಂದ. “ಯಾರು ಸಿಟ್ಟು ಮಾಡ್ಕೊಂಡು ನಿಂತಿರೋದು ಇಲ್ಲಿ?”

ಅಡುಗೆಮನೆಯಲ್ಲಿ ಅವಳನ್ನು ಬಿಟ್ಟರೆ ಒಂದು ನೊಣವೂ ಇರಲಿಲ್ಲ.

ನಿನ್ನೆಯಿಂದ ಎದೆಯ ಕೆಳಗೆ ಚುರುಗುಟ್ಟುತ್ತಿದ್ದ ಜಾಗಕ್ಕೆ ಕೈ ಹೋಯಿತು. ಆ ಜಾಗ ಅವಳಿಗೆ ಗುರುತಿತ್ತು. ಹೊಸ ಲಂಗ ತೊಟ್ಟು, ಅಮ್ಮನ ಓಲೆ ಹಾಕಿ ಬಾಗಿಲಲ್ಲಿ ನಿಂತ ದಿನ, “ದೂಲಿ ಎಲ್ಲಿ? ದೂಲಿ ಎಲ್ಲಿ?” ಎಂದು ಜನ ತನ್ನನ್ನು ದಾಟಿ ಹೋಗುವಾಗ ಉರಿದದ್ದು ಇದೇ ಜಾಗ. ಹಸಿವಲ್ಲ ಅದು. ಹೊಟ್ಟೆಕಿಚ್ಚು. ದೂಲಿ ಹೊರಗೆ ಹೋದದ್ದೇ ತಡ ಅದು ತಣ್ಣಗಾಗಿತ್ತು, ಆಹಾ, ಎಷ್ಟು ತಣ್ಣಗೆ! ಪಾತ್ರೆ ಬೇಯದೆ ಏನು ಮಾಡೀತು?

ಸಿತ್ಲಾಲಿ ಬಂದಾಗ ಅಮ್ಮ ಆಲೂಗಡ್ಡೆ ಮೂಟೆಯ ಮೇಲೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು.

“ಇದೇನಮ್ಮ, ಏನಾಯ್ತು?”

“ನಂದು ಕಣೇ.”

“ಏನು ನಿಂದು?”

“ಸಿಟ್ಟು. ಅವತ್ತೂ ನಂದೇ. ಅವಳದ್ದಲ್ಲ, ನಂದು.” ಚೋನಾ ಬೆಳಗಿನದೆಲ್ಲ ಹೇಳಿದಳು. ಮಗಳು ಪಾತ್ರೆಯನ್ನೂ ಅಮ್ಮನನ್ನೂ ಒಂದಾದ ಮೇಲೊಂದು ನೋಡಿದಳು.

“ಇದನ್ನ ನನ್ನ ಹತ್ರ ಹೇಳ್ಕೊಂಡು ಏನು ಬಂತು?” ಅಂದಳು ಸಿತ್ಲಾಲಿ, ಸ್ವಲ್ಪ ಗಡುಸಾಗಿಯೇ. “ಹೇಳಿಸ್ಕೋಬೇಕಾದೋರು ನದಿ ಆಚೆ ಇದಾರೆ. ಹೋಗಿ ಕರ್ಕೊಂಡು ಬಾ. ಈ ಹಬ್ಬಕ್ಕೆ ಅತ್ತೆ ಈ ಒಲೆ ಮುಂದೆ ನಿಲ್ಲಬೇಕು. ಇಲ್ದಿದ್ರೆ ಆ ಕತೇನ ಇನ್ನೊಂದ್ಸಲ ಯಾರಿಗೂ ಹೇಳಬೇಡ.”

ಅವತ್ತು ಮಧ್ಯಾಹ್ನವೇ ಚೋನಾ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ದೂಲಿ ಕೂಗಾಡಲಿ, ಬಾಗಿಲು ಮುಖಕ್ಕೆ ಹಾಕಲಿ, ಎಲ್ಲಕ್ಕೂ ತಯಾರಾಗಿದ್ದಳು. ದೂಲಿ ಬಾಗಿಲು ತೆಗೆದು, “ಅಯ್ಯೋ ಅತ್ತಿಗೆ! ಎಲ್ಲಾ ಹುಷಾರಾಗಿದಾರೆ ತಾನೆ?” ಎಂದು ಗಾಬರಿಯಿಂದ ಕೈ ಹಿಡಿದುಕೊಂಡಳು. ಕೂದಲೆಲ್ಲ ಬೆಳ್ಳಗಾಗಿತ್ತು. ಒಳಕೋಣೆಯಲ್ಲಿ ಮುದುಕಿ ಮಲಗಿದ್ದಳು. ದೂಲಿ ಅತ್ತಿಗೆಯನ್ನು ಅಡುಗೆಮನೆಯಲ್ಲಿ ಕೂರಿಸಿ, ತಟ್ಟೆಗೆ ಅಂಗಡಿಯ ಬಿಸ್ಕತ್ತು ಹಾಕಿ, ಲೋಟಕ್ಕೆ ಹಣ್ಣಿನ ರಸ ಸುರಿದಳು.

ಚೋನಾ ಒಲೆಯ ಕಡೆ ನೋಡಿದಳು. ಅದರ ಮೇಲೆ ಹೂವಿನ ಕುಂಡಗಳಿದ್ದವು.

“ಅಡುಗೆ ಎಲ್ಲಿ ಮಾಡ್ತೀಯೇ?”

“ನಾನು ಮಾಡಲ್ಲ ಅತ್ತಿಗೆ. ಅಜ್ಜಿಗೆ ಅವರ ಮಗಳು ಡಬ್ಬೀಲಿ ಕಳಿಸ್ತಾರೆ. ನನಗೆ ಬ್ರೆಡ್ಡು, ಚೀಸು, ಹಣ್ಣು, ಏನೋ ಒಂದು. ಅವತ್ತಿಂದ ನಾನು ಒಲೆ ಹಚ್ಚಿಲ್ಲ.”

“ಅವತ್ತಿಂದ ಅಂದ್ರೆ?”

“ಅವತ್ತಿಂದ,” ಅಂದಳು ದೂಲಿ, ಇನ್ನೇನು ಹೇಳಬೇಕು ಎಂಬಂತೆ.

ಚೋನಾ ಜೋಡಿಸಿಕೊಂಡಿದ್ದ ಮಾತೆಲ್ಲ ಎಲ್ಲೋ ಹೋಯಿತು. “ದೂಲಿ, ಅವತ್ತು ಸಿಟ್ಟು ನಂದು ಕಣೇ,” ಅಂದುಬಿಟ್ಟಳು. “ಎಲ್ರೂ ನಿನ್ನನ್ನೇ ಕೇಳ್ತಿದ್ರು. ನನಗೆ ತಡ್ಕೊಳ್ಳೋಕಾಗ್ಲಿಲ್ಲ. ನಿನ್ನ ಮುಖ ಊದಿತ್ತು, ಸಿಕ್ಕಿದ್ದೇ ನೆಪ ಅಂತ ನಿನ್ನನ್ನ ಆಚೆ ತಳ್ಳಿದೆ.”

ದೂಲಿ ಮೆಲ್ಲಗೆ ನಕ್ಕಳು. “ಮುಖ ಊದಿದ್ದು ಹಲ್ಲುನೋವಿಗೆ, ಅತ್ತಿಗೆ. ಹಿಂದಿನ ದಿನದಿಂದ ದವಡೆ ಹಲ್ಲು ಪ್ರಾಣ ತೆಗೀತಿತ್ತು. ಲವಂಗ ಇಟ್ಕೊಂಡು ಕಚ್ಚಿ ನಿಂತಿದ್ದೆ. ಮೊದಲ ದಿನ, ನಿಮಗ್ಯಾಕೆ ತಲೆಬಿಸಿ ಅಂತ ಹೇಳಲಿಲ್ಲ.”

“ಹಲ್ಲುನೋವಾ?” ಚೋನಾ ಹಣೆ ಬಡಿದುಕೊಂಡಳು. “ಅಯ್ಯೋ ನನ್ನ ಹಾಳು ಮುಖಕ್ಕಿಷ್ಟು! ಮತ್ತೆ ಅವತ್ತೇ ಬಾಯಿಬಿಟ್ಟು ಹೇಳೋದಲ್ವೇನೇ?”

“ಹೇಳ್ಬೇಕು ಅಂತಾನೇ ಹೊರಗೆ ನಿಂತಿದ್ದೆ. ಅಷ್ಟರಲ್ಲಿ ಚಪ್ಪಾಳೆ ಕೇಳಿಸ್ತು.” ದೂಲಿ ಬಿಸ್ಕತ್ತಿನ ಪುಡಿಯನ್ನು ಬೆರಳಿನಿಂದ ಒಂದೆಡೆ ಗುಡ್ಡೆ ಮಾಡಿದಳು. “ನಾನು ಹೊರಗೆ ಹೋದ್ಮೇಲೆ ಬೇಯ್ತಲ್ಲ. ಹಂಗಾದ್ರೆ ನನ್ನೊಳಗೆ ಏನೋ ಇದೆ ಅಂತ ತಾನೆ? ಹಲ್ಲುನೋವಿನ ಕೆಳಗೆ ಸಿಟ್ಟು ಇತ್ತೇನೋ ಅಂದ್ಕೊಂಡೆ. ಯಾರ ಮೇಲೆ, ಯಾವುದಕ್ಕೆ ಅಂತ ಎಷ್ಟು ವರ್ಷ ಹುಡುಕಿದೀನಿ ಗೊತ್ತಾ? ಸಿಗಲೇ ಇಲ್ಲ. ಸಿಗ್ದೇ ಇರೋದು ಇನ್ನೂ ಕೆಟ್ಟದ್ದು, ಅತ್ತಿಗೆ. ಎಲ್ಲಿದೆ ಅಂತ ಗೊತ್ತಿಲ್ದೆ ಇರೋದನ್ನ ಇಟ್ಕೊಂಡು ಸಿತ್ಲಾಲಿ ಮಗೂನ ಹೆಂಗೆ ಎತ್ಕೊಳ್ಳಲಿ?”

ಕೊಬ್ಬು ಅಂದಿದ್ದಳಲ್ಲ ತಾನು! ಚೋನಾ ಎದ್ದು ನಾದಿನಿಯ ಎರಡೂ ಕೈ ಹಿಡಿದುಕೊಂಡಳು. “ನಿನ್ನೊಳಗೆ ಏನೂ ಇರಲಿಲ್ಲ. ಹಲ್ಲುನೋವು, ಅಷ್ಟೆ. ನೀನು ಹೋದ್ಮೇಲೆ ನನ್ನ ಉರಿ ಇಳೀತು, ಅದಕ್ಕೇ ಬೇಯ್ತು. ನಿಮ್ಮಣ್ಣನ ಆಣೆ. ಬಾ, ನಿನ್ನ ಒಲೆ ಅದು. ಹಬ್ಬಕ್ಕೆ ಬಾ.”

“ನಿಮ್ಮದು ಮೆತ್ತನೆ ಮನಸ್ಸು, ಅತ್ತಿಗೆ,” ಅಂದಳು ದೂಲಿ, ಮಗುವನ್ನು ಸಮಾಧಾನ ಮಾಡುವ ಹಾಗೆ. “ಬಸ್ಸಲ್ಲಿ ಹೋಗುವಾಗ ಆ ಹಲಗೆ ನೋಡ್ತಿದ್ದೆ. ನನ್ನ ಹೆಸರು. ಬರೆದಿರೋದು ಸರಿಯಾಗೇ ಇದೆ ಅಂದ್ಕೋತಿದ್ದೆ. ಅಳಬೇಡಿ. ಬರ್ತೀನಿ, ಬರ್ತೀನಿ.”

ಹಲಗೆಯ ಮೇಲಿನ ಆ ಸಾಲನ್ನು ಚೋನಾ ಅದೇ ಸಂಜೆ ಒದ್ದೆ ಬಟ್ಟೆಯಿಂದ ತಿಕ್ಕಿ ಅಳಿಸಿದಳು. ಕಾಂದೆಲಾರಿಯಾದ ದಿನ ಹೋಟೆಲಿನ ಹಾಲ್ ತುಂಬಿದಾಗ ಮೇಜುಗಳ ನಡುವೆ ನಿಂತು, ಈ ಸಲ ಕತೆಯನ್ನು ಇದ್ದ ಹಾಗೆ ಹೇಳಿದಳು. ಯಾರೂ ನಗಲಿಲ್ಲ. ಮೂಲೆಯಲ್ಲಿದ್ದ ದೋನ್ ಎವಾರಿಸ್ತೊ ಮಾತ್ರ, “ಬೊಂಬೆ ಸಿಕ್ಕ ವರ್ಷ ಆ ಹುಡುಗಿ ನನಗೆ ಸಿಪ್ಪೆ ತೊಳೆಯೋದು ಹೆಂಗೆ ಅಂತ ನಗ್ತಾ ನಗ್ತಾ ಹೇಳ್ಕೊಟ್ಟಿದ್ಲು,” ಎಂದು ತನಗೆ ತಾನೇ ಅಂದುಕೊಂಡ.

ದೂಲಿ ಬಂದಾಗ ಮಧ್ಯಾಹ್ನ ದಾಟಿತ್ತು. ಇಸ್ತ್ರಿ ಮಾಡಿದ ಕೋಟು, ಕುತ್ತಿಗೆಗೆ ನೀಲಿ ವಸ್ತ್ರ. ಹಳಬರೆಲ್ಲ ಎದ್ದು ನಿಂತರು. ಅವಳು ಒಬ್ಬೊಬ್ಬರ ಕೈಯನ್ನೂ ಮುಟ್ಟಿ ನಾಚುತ್ತ ಮುಂದೆ ಬಂದಳು. ಸಿತ್ಲಾಲಿ ಓಡಿ ಹೋಗಿ ಅವಳನ್ನು ಅಪ್ಪಿಕೊಂಡು, “ಅತ್ತೆ, ಮೊದಲು ಒಳಗೆ ಬಾ. ಹಿಟ್ಟು ನಾದಿದ್ದು ನಾನು, ಹದ ನೋಡಿ ಬೈಯ್ಬೇಕು ನೀನು,” ಎಂದು ತೋಳು ಹಿಡಿದು ಎಳೆದಳು.

ಅಡುಗೆಮನೆಯ ಬಾಗಿಲ ಹತ್ತಿರ ಬಂದಾಗ ಒಳಗಿನಿಂದ ಹಬೆ ಮುಖಕ್ಕೆ ಬಡಿಯಿತು. ದೂಲಿಯ ಕಾಲು ನಿಂತುಬಿಟ್ಟಿತು.

“ಪಾತ್ರೆ ಇನ್ನೂ ಒಲೆ ಮೇಲಿದೆಯಾ?”

“ಇದೆ ಅತ್ತೆ. ಇನ್ನು ಸ್ವಲ್ಪ ಹೊತ್ತು, ಅಷ್ಟೆ.”

“ಹಂಗಾದ್ರೆ ನಾನು ಹೊರಗಿರ್ತೀನಮ್ಮ.” ಅವಳು ತೋಳನ್ನು ಮೆಲ್ಲಗೆ ಬಿಡಿಸಿಕೊಂಡಳು. “ಇಷ್ಟೊಂದು ಜನ ಉಣ್ಣೋಕೆ ಕೂತಿದಾರೆ.”

“ದೂಲಿ!” ಅಂದಳು ಚೋನಾ. “ಈಗ ತಾನೆ ಎಲ್ರ ಮುಂದೆ ಹೇಳಿದೀನಿ. ನಿಂದಲ್ಲ ಕಣೇ ಅದು.”

“ಹೌದು ಅತ್ತಿಗೆ, ಹೇಳಿದ್ರಿ,” ಅಂದಳು ದೂಲಿ. ಹೇಳುತ್ತಲೇ ಹಿಂದೆ ಹಿಂದೆ ಸರಿದು, ಹಾಲ್‌ನಲ್ಲೂ ನಿಲ್ಲದೆ, ಗಾಜಿನ ಬಾಗಿಲು ತಳ್ಳಿಕೊಂಡು ಬೀದಿಗೆ ಹೋದಳು.

ಚೋನಾ ಎರಡು ಕುರ್ಚಿ ಎತ್ತಿಕೊಂಡು ಅವಳ ಹಿಂದೆ ಹೋದಳು. ಗೋಡೆಯ ಪಕ್ಕ ಹಾಕಿದಳು. ಇಬ್ಬರೂ ಗಾಳಿಗೆ ಬೆನ್ನು ಮಾಡಿ ಕೂತರು. ಚೋನಾ ತನ್ನ ಶಾಲಿನ ಒಂದು ತುದಿಯನ್ನು ಅವಳಿಗೆ ಹೊದಿಸಿದಳು.

“ನಿಮಗೆ ಶೀತ ಆಗುತ್ತೆ, ಒಳಗೆ ಹೋಗಿ,” ಅಂದಳು ದೂಲಿ.

“ಆಗ್ಲಿ ಬಿಡು.”

ಬಸ್ಸೊಂದು ಹಾದು ಹೋಯಿತು. ಒಳಗೆ ಯಾರೋ ಗಿಟಾರಿನ ತಂತಿ ಬಿಗಿಮಾಡುತ್ತಿದ್ದರು. ದೂಲಿ ತೊಡೆಯ ಮೇಲೆ ಕೈ ಮಡಚಿಕೊಂಡು, ಉಸಿರು ಜೋರಾಗಿ ಬಿಟ್ಟರೂ ಏನಾದರೂ ಆಗಿಬಿಡುತ್ತದೇನೋ ಎಂಬಂತೆ ಕೂತಿದ್ದಳು. ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆದು ಸಿತ್ಲಾಲಿ ತಲೆ ಹಾಕಿದಳು. “ಅಮ್ಮ, ಅತ್ತೆ, ಬೇಯ್ತು! ಹೂವಿನ ಹಾಗೆ ಬೆಂದಿದೆ. ಬನ್ನಿ, ಬನ್ನಿ!” ಎಂದು ಕೂಗಿ ಒಳಗೆ ಓಡಿದಳು.

ಚೋನಾ ಎದ್ದು ಕೈ ಚಾಚಿದಳು. ದೂಲಿಯ ಮುಖ ಹಗುರಾಗಿತ್ತು, ಕಣ್ಣಲ್ಲಿ ನೀರಿತ್ತು. ಅರ್ಧ ಎದ್ದವಳು ಮತ್ತೆ ಕೂತಳು.

“ಒಲೆಯಿಂದ ಇಳಿಸಿದಾಳಾ ಅಂತ ಒಂಚೂರು ನೋಡ್ಕೊಂಡು ಬರ್ತೀರಾ, ಅತ್ತಿಗೆ?”

ಚೋನಾ ನೋಡಿಕೊಂಡು ಬರಲು ಒಳಗೆ ಹೋದಳು.